ಬುಡದಿಂದ ಸತ್ತ ಮರಗಳು

ನಾನು ಸೌದಿಗೆ ಬಂದದ್ದು ಹೆಂಡತಿಯ ಬೆನ್ನಿಗೆ. ಅಬಹಾದ ಒಂದು ಆಸ್ಪತ್ರೆಯಲ್ಲಿ ಅವಳಿಗೆ ನರ್ಸ್ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಕೋವಿಡ್ ಗಲಾಟೆ ಮುಗಿದು ವಿಮಾನಗಳು ಸರಿಯಾಗಿ ಓಡಲು ಶುರುವಾದ ಮೇಲೆ, ಕುಂದಾಪುರದ ಹತ್ತಿರ ಸೋದರಮಾವನ ನರ್ಸರಿಯಲ್ಲಿ ಗೇರು ಕಸಿ ಕಟ್ಟಿಕೊಂಡು, ಕಾಳುಮೆಣಸಿನ ಬಳ್ಳಿ ಬೆಳೆಸಿಕೊಂಡು ಇದ್ದ ನಾನೂ ಹೊರಟೆ. ಸೌದಿ ಎಂದರೆ ಮರಳು ಮತ್ತು ಸೆಕೆ ಎಂದೇ ತಿಳಿದಿದ್ದೆ. ವಿಮಾನ ನಿಲ್ದಾಣದ ಹೊರಗೆ ಕಾಲಿಟ್ಟರೆ ಚಳಿ. ಹೆಂಡತಿ ನನಗಾಗಿ ಕೊಂಡ ಸ್ವೆಟರ್ ಹಿಡಿದು ನಿಂತಿದ್ದಳು.

ಅಬಹಾ ಇರುವುದು ಬೆಟ್ಟಗಳ ನೆತ್ತಿಯಲ್ಲಿ. ಪಶ್ಚಿಮಕ್ಕೆ ನೆಲ ಒಮ್ಮೆಲೇ ಕಡಿದು ಬೀಳುತ್ತದೆ. ಕೆಳಗಿನಿಂದ ಮಂಜು ಎದ್ದು ಬಂದು ರಸ್ತೆ ಮುಚ್ಚುತ್ತದೆ. ಆ ಇಳಿಜಾರಿನಲ್ಲೆಲ್ಲ ಬೆಳೆದಿರುವ ಮರಕ್ಕೆ ಇಲ್ಲಿಯವರು ‘ಅರ್‌ಅರ್’ ಎನ್ನುತ್ತಾರೆ. ಜುನಿಪರ್. ದೂರದಿಂದ ನೋಡಿದರೆ ನಮ್ಮ ಕಡಲ ತಡಿಯ ಗಾಳಿಮರ ಕುಳ್ಳಗಾಗಿ, ದಪ್ಪಗಾಗಿ ನಿಂತ ಹಾಗೆ ಕಾಣುತ್ತದೆ. ಕಾಳುಮೆಣಸಿನಷ್ಟೇ ಗಾತ್ರದ ನೀಲಿ ಕಾಯಿ. ಕೊಂಬೆ ಮುರಿದರೆ ಪೆನ್ಸಿಲ್ ಹೆರೆದ ವಾಸನೆ.

ಕೆಲಸ ಸಿಕ್ಕಿದ್ದೂ ಹೆಂಡತಿಯಿಂದಲೇ. ಬಂಟ್ವಾಳ ಕಡೆಯ ಬ್ಯಾರಿಯೊಬ್ಬರು ಹೊಟ್ಟೆಯ ಆಪರೇಷನ್ನಿಗೆ ಅವಳ ವಾರ್ಡಿನಲ್ಲಿ ಮಲಗಿದ್ದರು. ಬೆಟ್ಟದಲ್ಲಿ ಮರ ನೆಡುವ ಗುತ್ತಿಗೆ ಹಿಡಿದ ಕಂಪನಿಯೊಂದರ ನರ್ಸರಿಗೆ ಅವರು ಮ್ಯಾನೇಜರ್. ಇವಳು ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ ಕರೆದರಂತೆ. “ನಿಮ್ಮ ಗಂಡನಿಗೆ ಗಿಡದ ಕೆಲಸ ಗೊತ್ತುಂಟಾ ಸಿಸ್ಟರ್? ಹಾಗಾದ್ರೆ ಮನೆಯಲ್ಲಿ ಕೂರಿಸಿ ಎಂತ ಮಾಡ್ತೀರಿ? ನನ್ನತ್ರ ಕಳಿಸಿ.” ಒಂದೆರಡು ತಿಂಗಳಲ್ಲಿ ನನ್ನ ಇಕಾಮಾದ, ಅಂದರೆ ಇಲ್ಲಿ ಇದ್ದು ದುಡಿಯುವ ಪರವಾನಗಿಯ, ಕಾಗದ ಪತ್ರವೆಲ್ಲ ಅವರೇ ಓಡಾಡಿ ಸರಿ ಮಾಡಿಸಿದರು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ. ಅವರ ಋಣ ನನ್ನ ಮೇಲೆ ಸಣ್ಣದಲ್ಲ. ಮುಂದಿನದನ್ನು ಬರೆಯುವಾಗ ಅದು ಕೈ ತಡೆಯುತ್ತದೆ.

ನಮ್ಮ ಕೆಲಸ ಅರ್‌ಅರ್ ಸಸಿ ಬೆಳೆಸುವುದು. ಯಾಕೆಂದರೆ ಬೆಟ್ಟದಲ್ಲಿ ಮರಗಳು ಸಾಯುತ್ತಿದ್ದವು, ಈಗಲೂ ಸಾಯುತ್ತಿವೆ. ಅದನ್ನು ನನಗೆ ಮೊದಲು ತೋರಿಸಿದವರು ಅರಣ್ಯ ಕಚೇರಿಯ ಕಾವಲುಗಾರ. ಅರವತ್ತು ದಾಟಿದ ಸೌದಿ ಮನುಷ್ಯ. ಥೋಬ್ ಎಂಬ ಉದ್ದನೆಯ ಬಿಳಿ ನಿಲುವಂಗಿಯ ಮೇಲೆ ಹಳೆಯ ಕೋಟು, ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ. ಅದೇ ಇಳಿಜಾರಿನ ಕಲ್ಲುಮನೆಯೊಂದರಲ್ಲಿ ಹುಟ್ಟಿದವರು. ನಮಗೆ ಬೀಜಕ್ಕೆ ಕಾಯಿ ಆರಿಸಿ ತಂದುಕೊಡುತ್ತಿದ್ದವರು ಅವರೇ. ಯಾವ ಮರದ ಕಾಯಿ ಗಟ್ಟಿ, ಯಾವುದರದ್ದು ಜೊಳ್ಳು ಎಂದು ಮುಟ್ಟದೆಯೇ ಹೇಳುತ್ತಿದ್ದರು. ಇಲ್ಲಿ ಹಿರಿಯರನ್ನು ‘ಯಾ ಅಮ್’ ಎಂದು ಕರೆಯುತ್ತಾರೆ, ಚಿಕ್ಕಪ್ಪ ಎಂದ ಹಾಗೆ. ನಾನೂ ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು ‘ಯಾ ಮುಹಂದಿಸ್’, ಅಂದರೆ ಎಂಜಿನಿಯರ್, ಎನ್ನುತ್ತಿದ್ದರು. ನಾನು ಎಂಜಿನಿಯರ್ ಅಲ್ಲ, ಬರೀ ಕೃಷಿ ಡಿಪ್ಲೊಮಾ ಎಂದು ಎಷ್ಟು ಸಲ ಹೇಳಿದರೂ ಬಿಡಲಿಲ್ಲ.

ಒಂದು ದಿನ ಅವರು ತಮ್ಮ ಪಿಕಪ್ಪಿನಲ್ಲಿ ನನ್ನನ್ನು ಕೂರಿಸಿಕೊಂಡು ಕಡಿದಾದ ದಾರಿಯಲ್ಲಿ ಕೆಳಗಿಳಿಸಿದರು. ಮೇಲಿನ ಸಾಲಿನ ಮರಗಳು ಹಸಿರಾಗಿದ್ದವು. ಇಳಿದಂತೆ ತುದಿಗಳು ಬೂದಿಬಣ್ಣಕ್ಕೆ ತಿರುಗಿದ್ದವು. ಇನ್ನೂ ಕೆಳಗೆ ಇಡೀ ಮರಗಳೇ ಎಲುಬಿನ ಹಾಗೆ ನಿಂತಿದ್ದವು, ತೊಗಟೆ ನಾರು ನಾರಾಗಿ ಜೋತಾಡುತ್ತಿತ್ತು.

“ನೋಡು, ತಲೆಯಿಂದ ಶುರುವಾಗುತ್ತದೆ. ಮುದುಕರ ಹಾಗೆ, ಮೊದಲು ಕೂದಲು ಹೋಗುತ್ತದೆ,” ಎಂದು ತಮ್ಮ ತಲೆವಸ್ತ್ರ ಸರಿಸಿ ಬೋಳು ತೋರಿಸಿ ನಕ್ಕರು. ಆಮೇಲೆ ನಗು ನಿಂತಿತು. “ನಾನು ಹುಡುಗನಾಗಿದ್ದಾಗ ಇಲ್ಲಿ ಆಡು ಕಾಯುತ್ತಿದ್ದೆ. ಚಳಿಗಾಲದಲ್ಲಿ ಮಂಜಿಗೆ ಹೊದ್ದ ಕಂಬಳಿ ಹಿಂಡಿದರೆ ನೀರು ಬರುತ್ತಿತ್ತು. ಈಗ ಮಂಜು ಬಂದರೂ ಇಷ್ಟು ಕೆಳಗೆ ನಿಲ್ಲುವುದಿಲ್ಲ.”

“ಕಾಯಿಲೆ ಏನಂತೆ?”

“ಒಬ್ಬರು ಸೆಕೆ ಎನ್ನುತ್ತಾರೆ, ಒಬ್ಬರು ಮಳೆ ಇಲ್ಲ ಎನ್ನುತ್ತಾರೆ, ಒಬ್ಬರು ಹುಳ ಎನ್ನುತ್ತಾರೆ. ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋಗುತ್ತಾರೆ. ನೀನು ಸಸಿ ಬೆಳೆಸುತ್ತೀಯಲ್ಲ, ನಿನ್ನ ಕೆಲಸ ಒಳ್ಳೆಯದು.”

ನಾನು ಮೈಮುರಿದು ದುಡಿದೆ, ಅದು ಸುಳ್ಳಲ್ಲ. ಅರ್‌ಅರ್ ಬೀಜ ಮೊಳೆಯಲು ಸತಾಯಿಸುತ್ತದೆ. ಮೊಳೆತ ಮೇಲೂ ಒಂದು ಗೇಣು ಬೆಳೆಯಲು ವರ್ಷ ತಿನ್ನುತ್ತದೆ. ನೆರಳುಬಲೆಯ ಕೆಳಗೆ ಸಾಲು ಸಾಲು ಪ್ಲಾಸ್ಟಿಕ್ ಚೀಲಗಳು, ಅವುಗಳಲ್ಲಿ ಹುಲ್ಲುಕಡ್ಡಿಯಂಥ ಸಸಿಗಳು. ನೀರು ಟ್ಯಾಂಕರಿನಲ್ಲಿ ಬರಬೇಕು, ಬರುವ ದಿನಕ್ಕೆ ಖಾತ್ರಿ ಇರಲಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ಚೀಲಗಳಿಂದ ಸೋರಿ ನೆಲಕ್ಕೆ ಹೋಗುವ ನೀರನ್ನು ಒಂದು ಕಾಲುವೆ ಮಾಡಿ ತಗ್ಗಿನ ತೊಟ್ಟಿಗೆ ಹರಿಸಿದೆ. ಅಲ್ಲಿಂದ ಪಂಪು ಹಾಕಿ ಮತ್ತೆ ಸಸಿಗಳಿಗೆ ಬಿಟ್ಟೆ. ಒಂದು ಹನಿಯೂ ವ್ಯರ್ಥವಾಗದಂತಾಯಿತು. ಭಾಯಿ ಕಂಪನಿಯವರನ್ನು ಕರೆತಂದು ತೋರಿಸಿದರು. ಅರಣ್ಯ ಕಚೇರಿಯವರೂ ಬಂದು ನೋಡಿ ಬೆನ್ನು ತಟ್ಟಿದರು. ಆ ಉಪಾಯ ಪೂರ್ತಿ ನನ್ನದು. ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ.

ನೆಡುವ ವಾರಕ್ಕೆ ಮೊದಲು ತೊಟ್ಟಿಯ ಹತ್ತಿರದ ಸಾಲಿನಲ್ಲಿ ಒಂದಷ್ಟು ಸಸಿ ಹಳದಿಯಾದವು. ಒಂದನ್ನು ಚೀಲದಿಂದ ಬಿಡಿಸಿ ನೋಡಿದೆ. ಬೇರು ಕಂದಾಗಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ದಾರ ಮಾತ್ರ ಉಳಿಯಿತು. ಅದನ್ನು ನಾನು ಊರಿನ ಕಾಳುಮೆಣಸಿನ ಬಳ್ಳಿಯಲ್ಲಿ ಎಷ್ಟು ಸಲ ಕಂಡಿಲ್ಲ? ಬೇರು ಕೊಳೆ. ನೀರಿನಲ್ಲಿ ಈಜಿಕೊಂಡು ಗಿಡದಿಂದ ಗಿಡಕ್ಕೆ ಹೋಗುವ ರೋಗ. ಊರಿನಲ್ಲಾಗಿದ್ದರೆ ಮಾವ ಒಂದು ಮಾತೂ ಕೇಳದೆ ಇಡೀ ಮಡಿಯನ್ನು ಕಿತ್ತು ಸುಡಿಸುತ್ತಿದ್ದ.

ಆದರೆ ಲಾರಿಗಳನ್ನು ಗೊತ್ತುಮಾಡಿ ಆಗಿತ್ತು. ಮಳೆ ಬಿದ್ದಿತ್ತು, ನೆಡಲು ಅದೇ ಸಮಯ. ನಾನು ಹಳದಿ ಸಸಿಗಳನ್ನು ಆರಿಸಿ ಎಸೆದೆ, ಹಸಿರಾಗಿದ್ದವನ್ನೆಲ್ಲ ಲಾರಿಗೆ ಹತ್ತಿಸಿದೆ. ಬೆಟ್ಟದಲ್ಲಿ ನೀರು ನಿಲ್ಲುವುದಿಲ್ಲ, ಒಣಗಾಳಿ ಬೀಸುತ್ತದೆ, ಅಲ್ಲಿ ಈ ರೋಗ ತಾನೇ ಸಾಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಯಾರಿಗೂ ಹೇಳಲಿಲ್ಲ. ಕಾವಲುಗಾರರು ಗುಂಡಿ ತೋಡುವವರ ಜೊತೆ ತಾವೂ ಮೊಣಕಾಲೂರಿ ಒಂದೊಂದು ಸಸಿಗೂ ಬಿಸ್ಮಿಲ್ಲಾ ಹೇಳಿ ಮಣ್ಣು ಮುಚ್ಚಿದರು. ತಾವು ಹುಟ್ಟಿದ ಮನೆಯ ಕೆಳಗಿನ, ಇನ್ನೂ ಗಟ್ಟಿಯಾಗಿ ಉಳಿದಿದ್ದ ಮರಗಳ ತೋಪಿನ ಸುತ್ತ ನೆಡಿಸಬೇಕೆಂದು ಕೇಳಿಕೊಂಡಿದ್ದವರೂ ಅವರೇ.

ಮರುವರ್ಷ ಬೇಸಿಗೆಯಲ್ಲಿ ಅವರ ಫೋನು ಬಂತು. “ಯಾ ಮುಹಂದಿಸ್, ಬಾ. ಒಂದು ಹೊಸ ತರಹದ ಸಾವು ನೋಡಿದೆ.”

ಹೋದೆ. ಸಸಿಗಳಲ್ಲಿ ಅರ್ಧಕ್ಕರ್ಧ ಒಣಗಿದ್ದವು. ಅದು ಎಲ್ಲ ಕಡೆಯೂ ಆಗುವುದೇ, ಅವರಿಗೆ ಅದರ ಬಗ್ಗೆ ದೂರು ಇರಲಿಲ್ಲ. ಅವರು ತೋರಿಸಿದ್ದು ಸಸಿಗಳ ಕೆಳಬದಿಯಲ್ಲಿ ತಾನಾಗಿ ಬೆಳೆದು ನಿಂತಿದ್ದ, ಎರಡಾಳೆತ್ತರದ ಒಂದು ಮರ. ಅದರ ತುದಿ ಬೂದಿಯಾಗಿರಲಿಲ್ಲ. ಇಡೀ ಮರ ಒಂದೇ ಸಲಕ್ಕೆ ತುಕ್ಕಿನ ಬಣ್ಣಕ್ಕೆ ತಿರುಗಿತ್ತು.

“ಬೇರೆ ಮರಗಳು ತಲೆಯಿಂದ ಸಾಯುತ್ತವೆ. ಇದು ಬುಡದಿಂದ ಸತ್ತಿದೆ,” ಎಂದರು.

ನಾನು ಜೇಬಿನ ಕಸಿ ಚಾಕು ತೆಗೆದು ಮಣ್ಣಿನ ಮಟ್ಟದಲ್ಲಿ ತೊಗಟೆ ಕೆರೆದೆ. ಒಳಗೆ ಬಿಳುಪು ಇರಬೇಕಾದ ಜಾಗದಲ್ಲಿ ಚಹಾದ ಬಣ್ಣ. ಅದು ನಾಲಿಗೆಯ ಆಕಾರದಲ್ಲಿ ಮೇಲಕ್ಕೆ ಹತ್ತಿತ್ತು. ಕೆರೆದ ಕಡೆ ಹುಳಿ ವಾಸನೆ. ಚಾಕು ಮಡಚಿ ಜೇಬಿಗೆ ಹಾಕಿದೆ. ಅವರು ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು.

“ಏನು?”

“ನೀರು ಸಾಲದೆ ಇರಬಹುದು ಯಾ ಅಮ್,” ಎಂದೆ.

ಆ ಮಾತು ಅಷ್ಟು ಸಲೀಸಾಗಿ ಬಾಯಿಂದ ಬಂದದ್ದು ಇವತ್ತಿಗೂ ನನಗೆ ಆಶ್ಚರ್ಯ. ಅವರು ತಲೆಯಾಡಿಸಿ, ಆ ಮರದ ಕಾಂಡದ ಮೇಲೆ ಕೈಯಿಟ್ಟು ಎದ್ದರು.

ಮರುದಿನ ಭಾಯಿಗೆ ಎಲ್ಲ ಹೇಳಿದೆ. ತೊಟ್ಟಿ, ಹಳದಿ ಸಸಿ, ಕಂದು ಬೇರು, ಯಾವುದನ್ನೂ ಬಿಡಲಿಲ್ಲ. ಅವರು ಕುರ್ಚಿಯಲ್ಲಿ ಹಿಂದಕ್ಕೊರಗಿ ಕಣ್ಣುಜ್ಜಿಕೊಂಡರು.

“ಎಂತ ಮಾರಾಯ, ನೀನು ಅವತ್ತೇ ನನ್ನತ್ರ ಹೇಳ್ಬೇಕಿತ್ತಲ್ಲ?”

“ತಪ್ಪಾಯ್ತು ಭಾಯಿ.”

“ಈಗ ಎಂತ ಮಾಡುವ ಹೇಳು. ಆ ಗುಡ್ಡೆಯ ಮರ ಹೇಗೂ ಸಾಯ್ತಾ ಉಂಟು. ಅದ್ರಲ್ಲಿ ಒಂದು ಹೆಚ್ಚು ಸತ್ರೆ ಯಾರು ಕೇಳ್ತಾರೆ? ನಾವು ಬಾಯಿ ಬಿಟ್ರೆ ನರ್ಸರಿ ಬಂದ್. ಇಲ್ಲಿ ಎಷ್ಟು ಜನರ ಇಕಾಮಾ ಇದ್ರ ಮೇಲೆ ನಿಂತಿದೆ, ನಿಂಗೆ ಗೊತ್ತುಂಟಲ್ಲ? ತೊಟ್ಟಿ ಒಡೆಸು, ಸಾಲು ಖಾಲಿ ಮಾಡಿಸು. ಮುಂದೆ ಸರಿಯಾಗಿ ಮಾಡುವ. ಸುಮ್ನಿರು.”

ಅವರು ಕೆಟ್ಟ ಮನುಷ್ಯರಲ್ಲ. ಅವರ ಮಾತಿನಲ್ಲಿ ನನ್ನ ಮೇಲಿನ ಕಾಳಜಿಯೂ ಇತ್ತು. ನಾನು ತೊಟ್ಟಿ ಒಡೆಸಿದೆ, ಸಾಲು ಖಾಲಿ ಮಾಡಿಸಿದೆ, ಸುಮ್ಮನಿದ್ದೆ. ಸುಮಾರು ಮೂರು ವಾರ.

ಹೆಂಡತಿಗೆ ನನ್ನ ಮುಖ ನೋಡಿಯೇ ಗೊತ್ತಾಗಿತ್ತು. ಒಂದು ಶುಕ್ರವಾರ ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕೂತು ಕೇಳಿದಳು: “ಹೋಯ್, ನಿಮ್ಗೆ ಎಂತ ಆಯ್ತ್? ಮೀನ್ ಸಾರ್ ಅಂದ್ರೂ ಅನ್ನ ಸೇರುದಿಲ್ಲ.”

ಹೇಳಿದೆ. ಅವಳು ಪೂರ್ತಿ ಕೇಳಿದಳು. ಮುಗಿದ ಮೇಲೆ ತಟ್ಟೆ ಪಕ್ಕಕ್ಕೆ ಸರಿಸಿದಳು.

“ವಾರ್ಡಂಗೆ ಒಬ್ರ ಗಾಯದ್ ನಂಜ್ ಇನ್ನೊಬ್ರಿಗ್ ಹೋಪುದ್ ನಮ್ಮ ಕೈಯಿಂದ್ಲೇ. ಎಲ್ಲರಿಂದ್ಲೂ ಒಂದಲ್ಲ ಒಂದ್ ಸಲ ಆತ್ತ್. ಆಯ್ತ್ ಅಂತ ಹೇಳ್ದ್ರೆ ಉಳ್ದವ್ರನ್ನ ಬೇರೆ ಮಾಡ್ಲಕ್ಕ್. ಹೇಳ್ದೆ ಇದ್ರೆ, ಆ ರೋಗಿ ಹತ್ರ ಹೋದವ್ರೆಲ್ಲ ಅದನ್ನೇ ಹೊತ್ಕಂಡ್ ತಿರಗ್ತ್ರ್.” ಆಮೇಲೆ ಕೇಳಿದಳು: “ಆ ಅಜ್ಜ ಈಗ ಎಂತ ಮಾಡ್ತಿದ್ರ್?”

ನನಗೆ ಗೊತ್ತಿರಲಿಲ್ಲ. ನಾನು ಆ ಕಡೆ ತಲೆಹಾಕಿಯೇ ಇರಲಿಲ್ಲ.

ಆ ಪ್ರಶ್ನೆಯೇ ನನ್ನನ್ನು ಎಬ್ಬಿಸಿತು. ಮಾರನೇ ಬೆಳಿಗ್ಗೆ ಟ್ಯಾಕ್ಸಿ ಹಿಡಿದು ಹೋದೆ. ಅವರ ಪಿಕಪ್ ಹಾದಿಯ ಕೊನೆಯಲ್ಲಿ ನಿಂತಿತ್ತು, ಹಿಂದೆ ನೀರಿನ ಕ್ಯಾನುಗಳು. ಅವರು ಕ್ಯಾನೊಂದನ್ನು ಹೆಗಲ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕೋಲೂರಿಕೊಂಡು ತೋಪಿಗೆ ಇಳಿಯುತ್ತಿದ್ದರು. ಸತ್ತ ಮರದ ಸುತ್ತಲಿನ ಪ್ರತಿಯೊಂದು ಮರಕ್ಕೂ ಕಲ್ಲು ಜೋಡಿಸಿ ಪಾತಿ ಕಟ್ಟಿದ್ದರು. ಪಾತಿಗಳಲ್ಲಿ ನೀರು ನಿಂತಿತ್ತು. ಸತ್ತ ಮರದ ಪಾತಿ ತುಂಬಿ, ಅದರ ನೀರು ಸಣ್ಣ ಗೆರೆಯಾಗಿ ಕೆಳಗಿನ ಮರಗಳತ್ತ ಹರಿದಿತ್ತು.

“ಬೇಡ, ನೀರು ಹಾಕಬೇಡಿ!” ಎಂದು ಮೇಲಿನಿಂದಲೇ ಕೂಗಿದೆ. ಅರಬಿ ಮರೆತು ಕನ್ನಡದಲ್ಲಿ ಕೂಗಿದ್ದೆ. ಅವರು ತಿರುಗಿ ಕೈಯೆತ್ತಿ ನಕ್ಕರು, ನಾನು ಸಲಾಂ ಹೇಳಿದೆ ಎಂದುಕೊಂಡು.

ಜಾರುತ್ತ ಬೀಳುತ್ತ ಹತ್ತಿರ ಹೋಗಿ ಅರಬಿಯಲ್ಲಿ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ.

“ಯಾಕೆ? ಬಾಯಾರಿಕೆ ಎಂದವನು ನೀನೇ ಅಲ್ಲವೇ? ಮೂರು ವಾರದಿಂದ ದಿನಾ ತರುತ್ತಿದ್ದೇನೆ. ಮನೆಯ ಟ್ಯಾಂಕಿನ ನೀರು.”

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ನನ್ನ ಅರಬಿ ಕೆಲಸಕ್ಕೆ ಸಾಲುವಷ್ಟೇ. ಅವಮಾನದ ಮಾತುಗಳು ಅದರಲ್ಲಿ ಇರಲಿಲ್ಲ. ರೋಗ ಸಸಿಯಲ್ಲಿ ಇತ್ತು. ಸಸಿ ನಾನು ತಂದೆ. ನೀರು ಅದನ್ನು ಹೊತ್ತು ನಡೆಯುತ್ತದೆ. ಇಷ್ಟನ್ನು ಮಗುವಿನ ಹಾಗೆ ಒಂದೊಂದಾಗಿ ಹೇಳಿದೆ. ಅವರು ಕ್ಯಾನನ್ನು ಹೆಗಲಿನಿಂದ ಇಳಿಸಿದರು. ಮುಚ್ಚಳ ಹುಡುಕಿ ತಿರುಗಿಸಿ ಬಿಗಿ ಮಾಡಿದರು.

“ಅವತ್ತು ಚಾಕುವಿನಲ್ಲಿ ಕೆರೆದೆಯಲ್ಲ, ಆಗಲೇ ನಿನಗೆ ಗೊತ್ತಾಗಿತ್ತೇ?”

“ಗೊತ್ತಾಗಿತ್ತು.”

ಅವರು ಬೈಯಲಿಲ್ಲ. ತಾವು ಕಟ್ಟಿದ ಪಾತಿಗಳನ್ನು ಒಂದೊಂದಾಗಿ ನೋಡಿದರು. ಕೆಳಗಿನದ್ದು ತೋಪಿನಲ್ಲೇ ಹಿರಿಯ ಮರ, ಇಬ್ಬರು ತಬ್ಬಿದರೂ ಸಾಲದು. ಅದರ ಬುಡಕ್ಕೂ ನೀರು ಮುಟ್ಟಿತ್ತು. ಆಮೇಲೆ ಅವರು ಏರು ಹತ್ತಿ, ಪಿಕಪ್ಪಿನಲ್ಲಿ ಕೂತು, ನನ್ನನ್ನು ಅಲ್ಲೇ ಬಿಟ್ಟು ಹೊರಟುಹೋದರು. ನಾನು ಸಿಕ್ಕಿದ ಕಲ್ಲಿನಲ್ಲಿ ಕೆಳಗಿನ ಪಾತಿಗಳ ಮೇಲ್ಬದಿಗೆ ಮಣ್ಣು ಒಟ್ಟಿ, ಕೈಲಾದಷ್ಟು ನೀರು ತಡೆದೆ. ಆಮೇಲೆ ಡಾಂಬರು ರಸ್ತೆಯವರೆಗೆ ನಡೆದೆ.

ವಾರದ ರಜೆ ಮುಗಿದು ಅರಣ್ಯ ಕಚೇರಿ ತೆರೆದ ದಿನವೇ ಅಲ್ಲಿಗೆ ಹೋದೆ. ಭಾಯಿಗೆ ಹೇಳದೆ ಹೋದೆ. ಹೇಳಿದರೆ ಅವರು ತಡೆಯುತ್ತಾರೆ, ನಾನು ನಿಲ್ಲುತ್ತೇನೆ ಎಂದು ಹೆದರಿದ್ದೆ. ಅಧಿಕಾರಿಯ ಕೋಣೆಯಲ್ಲಿ ಕಾವಲುಗಾರರು ಆಗಲೇ ಕೂತಿದ್ದರು. ಅಧಿಕಾರಿ ನನ್ನನ್ನು ನೋಡಿ ಹೇಳಿದರು: “ನಿಮ್ಮ ತೋಪಿನ ವಿಷಯವೇ ಬಂದಿದೆ. ಇವರು ಗೊತ್ತಿಲ್ಲದೆ ನೀರು ಹಾಕಿ ಒಂದು ರೋಗ ಹರಡಿಸಿದರಂತೆ. ತಪ್ಪು ತಮ್ಮದು ಎಂದು ಬರೆಸಲು ಬಂದಿದ್ದಾರೆ.”

ನನಗೆ ಕೂರಲಾಗಲಿಲ್ಲ. ಮುದುಕರು ನನ್ನ ಹೆಸರನ್ನು ಎತ್ತಿರಲೇ ಇಲ್ಲ. ನನ್ನನ್ನು ಉಳಿಸಲೆಂದೋ, ನನ್ನ ಮಾತೇ ಬೇಡವಾಗಿತ್ತೋ, ನಾನು ಇವತ್ತಿಗೂ ಕೇಳಿಲ್ಲ. ನಿಂತುಕೊಂಡೇ ಮೊದಲಿನಿಂದ ಹೇಳಿದೆ.

ಅಲ್ಲಿಂದ ಮುಂದೆ ಎಲ್ಲ ಬೇಗ ಬೇಗ ನಡೆಯಿತು. ಬೇರು, ಮಣ್ಣು, ತೊಗಟೆಯ ತುಂಡು ಪ್ರಯೋಗಾಲಯಕ್ಕೆ ಹೋದವು. ಬೇರು ಕೊಳೆಯೇ ಎಂದು ಉತ್ತರ ಬಂತು. ನರ್ಸರಿ ಮುಚ್ಚಿತು. ನಾನು ಬೀಜದಿಂದ ಬೆಳೆಸಿದ ಅಷ್ಟೂ ಸಸಿಗಳನ್ನು, ಚೆನ್ನಾಗಿದ್ದವನ್ನೂ ಸೇರಿಸಿ, ಹೊಂಡ ತೋಡಿ ಸುಟ್ಟರು. ಇಡೀ ನರ್ಸರಿ ಪೆನ್ಸಿಲ್ ವಾಸನೆ ಹೊಡೆಯಿತು. ಕೆಲಸದವರಲ್ಲಿ ಕೆಲವರಿಗೆ ಬೇರೆ ಕಡೆ ಜಾಗ ಸಿಕ್ಕಿತು, ಕೆಲವರು ಊರಿಗೆ ಹೋದರು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಭಾಯಿ ಅಲ್ ಖರ್ಜ್‌ನ ಡೈರಿ ಫಾರ್ಮೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೊರಟರು. ಸಾಮಾನು ಕಾರಿಗೆ ಹಾಕುವಾಗ ಹೋಗಿ ನಿಂತೆ.

“ನೀನು ಹೇಳಿದ್ದು ಸುಳ್ಳಲ್ಲ, ಗೊತ್ತುಂಟು ನಂಗೆ,” ಎಂದರು, ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಲೇ. “ಆದ್ರೆ ಕಚೇರಿಗೆ ಹೋಗುವ ಮೊದಲು ನನ್ನ ಬಾಗಿಲು ತಟ್ಟಬಹುದಿತ್ತು. ನಿನ್ನನ್ನು ಎಲ್ಲಿಂದ ಕರೆದು ತಂದೆ ಮಾರಾಯ ನಾನು?”

ನಾನು ಹಗ್ಗದ ಇನ್ನೊಂದು ತುದಿ ಹಿಡಿದುಕೊಟ್ಟೆ. ಈದ್‌ಗೆ ಫೋನ್ ಮಾಡಿದರೆ ಅವರು ಎತ್ತುವುದಿಲ್ಲ.

ವಿಚಿತ್ರವೆಂದರೆ, ನನ್ನ ಕೆಲಸ ಹೋಗಲಿಲ್ಲ. ಅರಣ್ಯ ಕಚೇರಿಯವರಿಗೆ ಬುಡ ಕೆರೆದು ರೋಗ ಗುರುತಿಸಲು ಬರುವವನು ಬೇಕಿತ್ತು. ಬೇರೆ ಗುತ್ತಿಗೆದಾರರ ಹೆಸರಿನಲ್ಲಿ ನನ್ನನ್ನೇ ಇಟ್ಟುಕೊಂಡರು. ತಪ್ಪು ಮಾಡಿದವನಿಗೇ ಅದರಿಂದ ಅನ್ನ ಉಳಿಯಿತು. ಇದನ್ನು ಹೆಂಡತಿಯ ಹತ್ತಿರ ಹೇಳಿದಾಗ, “ಉಳ್ದಿತಲ್ದಾ, ಹಾಂಗಾರೆ ಸಮಾ ಮಾಡಿ,” ಎಂದಷ್ಟೇ ಹೇಳಿ ಡ್ಯೂಟಿಗೆ ಹೊರಟಳು.

ನಾವು ತೋಪಿನ ಕೆಳಗೆ ಅಡ್ಡಕ್ಕೆ ಆಳದ ಕಂದಕ ತೋಡಿದೆವು, ಮೇಲಿನ ನೀರು ಇಳಿಯದ ಹಾಗೆ. ಬೆಟ್ಟದಲ್ಲಿ ನೆಟ್ಟು ಉಳಿದಿದ್ದ ಸಸಿಗಳನ್ನು ಬೇರು ಸಮೇತ ಕಿತ್ತೆವು. ಚಳಿಗಾಲದೊಳಗೆ ಇನ್ನೆರಡು ಮರ ತುಕ್ಕಿನ ಬಣ್ಣಕ್ಕೆ ಬಂದವು. ವಸಂತದಲ್ಲಿ ಆ ಹಿರಿಯ ಮರ. ಅದು ನನ್ನ ರೋಗದಿಂದ ಸತ್ತಿತೋ, ತನ್ನ ವಯಸ್ಸಿನಿಂದ, ಸೆಕೆಯಿಂದ ಸತ್ತಿತೋ ಎಂದು ಕಚೇರಿಯಲ್ಲಿ ವಾದವಾಯಿತು. ಅದರ ತುದಿಯೂ ಬೂದಿಯಾಗಿತ್ತು, ಬುಡವೂ ಕಂದಾಗಿತ್ತು. ನಾನೇ ಕೆರೆದು ನೋಡಿದವನು. ವಾದದಲ್ಲಿ ನನ್ನ ಪರವಾಗಿ ಮಾತಾಡಿದವರಿಗೆ ನಾನು ಕೃತಜ್ಞತೆ ಹೇಳಲಿಲ್ಲ.

ಅದನ್ನು ಕಡಿಯುವ ದಿನ ಕಾವಲುಗಾರರು ಬಂದರು. ಆ ಹೊತ್ತಿಗೆ ಅವರು ಕೆಲಸದಿಂದ ನಿವೃತ್ತರಾಗಿದ್ದರು. ತಿಂಗಳುಗಟ್ಟಲೆ ನನ್ನ ಸಲಾಮಿಗೆ ಉತ್ತರವನ್ನಷ್ಟೇ ಕೊಟ್ಟು ಮುಖ ತಿರುಗಿಸುತ್ತಿದ್ದವರು, ಅವತ್ತು ಗರಗಸದ ಸದ್ದು ನಿಂತ ಮೇಲೆ ನನ್ನ ಪಕ್ಕದ ಬಂಡೆಯ ಮೇಲೆ ಕೂತರು. ಫ್ಲಾಸ್ಕಿನಿಂದ ಕಹಿ ಕಾಫಿ ಬಗ್ಗಿಸಿ ಒಂದು ಬಟ್ಟಲು ನನ್ನತ್ತ ಚಾಚಿದರು.

“ನಮ್ಮ ಮನೆಯ ತೊಲೆಗಳು ಇದರ ಅಣ್ಣತಮ್ಮಂದಿರು,” ಎಂದರು. “ನನ್ನ ಅಜ್ಜ ಇದನ್ನು ಮಾತ್ರ ಕಡಿಯಬೇಡಿ ಎಂದಿದ್ದನಂತೆ.”

“ನನ್ನನ್ನು ಕ್ಷಮಿಸಿ ಯಾ ಅಮ್.”

“ಕ್ಷಮಿಸುವುದು ದೇವರ ಕೆಲಸ. ಕಂದಕದ ಕೆಳಗಿನವು ಹೇಗಿವೆ, ಅದನ್ನು ಹೇಳು.”

ಅಂದಿನಿಂದ ನಾವಿಬ್ಬರೂ ಸೇರಿಯೇ ನೋಡುತ್ತೇವೆ. ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ, ಆದರೂ ಬರುತ್ತಾರೆ. ಎಲ್ಲರೂ ಕಾಯುವ ಮಳೆ ನನಗೆ ಈಗ ಹೆದರಿಕೆ ತರುತ್ತದೆ. ಗುಡುಗು ಕೇಳಿದರೆ ಅಬಹಾದ ಜನ ಕಾರು ತೆಗೆದುಕೊಂಡು ಬೆಟ್ಟಕ್ಕೆ ಹೋಗುತ್ತಾರೆ, ಮಕ್ಕಳು ಆಲಿಕಲ್ಲು ಆರಿಸುತ್ತಾರೆ. ನಾನು ಕಿಟಕಿಯ ಹತ್ತಿರ ನಿಂತು, ನೀರು ಕಂದಕ ತುಂಬಿ ಹೊರಬೀಳುವಷ್ಟು ಜೋರಿದೆಯೇ ಎಂದು ಅಳೆಯುತ್ತೇನೆ. ಮಳೆ ಬಾರದಿದ್ದರೆ ಮೇಲಿನ ಮರಗಳು ತಲೆಯಿಂದ ಒಣಗುತ್ತವೆ, ಬಂದರೆ ಕೆಳಗಿನವು ಬುಡದಿಂದ. ಯಾವುದನ್ನು ಬೇಡಿಕೊಳ್ಳಬೇಕೋ ತಿಳಿಯುವುದಿಲ್ಲ.

ಮೊನ್ನೆ ಎರಡು ದಿನ ಬಿಡದೆ ಸುರಿಯಿತು. ಮೂರನೆಯ ದಿನ ಇಬ್ಬರೂ ಇಳಿದೆವು. ಕಂದಕದಲ್ಲಿ ಅರ್ಧ ನೀರಿತ್ತು, ದಂಡೆ ಒಡೆದಿರಲಿಲ್ಲ. ಕೆಳಗಿನ ಸಾಲಿನ ಮರಗಳ ಬುಡವನ್ನು ಉಗುರಗಲ ಕೆರೆಯುತ್ತ ಹೋದೆ. ಒಳಗೆ ಬಿಳುಪು, ಅಂಟು, ಒಳ್ಳೆಯ ವಾಸನೆ. ಪ್ರತಿಯೊಂದಕ್ಕೂ ಅವರು ಅಲ್‌ಹಮ್ದುಲಿಲ್ಲಾ ಎಂದರು. ಕೊನೆಯ ಒಂದರಲ್ಲಿ ಮಾತ್ರ ಬಿಳುಪಿನ ಅಂಚಿಗೆ ಸಣ್ಣ ಮಸುಕು ಕಂಡಿತು. ತೊಗಟೆಯ ಬಣ್ಣವೇ ಅಂಟಿದ್ದೋ, ರೋಗದ ಶುರುವೋ, ಎಷ್ಟು ಬಗ್ಗಿ ನೋಡಿದರೂ ತಿಳಿಯಲಿಲ್ಲ.

“ಹೇಗಿದೆ?” ಎಂದು ಕೇಳಿದರು.

“ಗೊತ್ತಾಗುತ್ತಿಲ್ಲ.”

“ನಿಜವಾಗಿಯೂ?”

“ನಿಜವಾಗಿಯೂ, ಯಾ ಅಮ್.”

ಅವರು ಆ ಮರಕ್ಕೆ ತಮ್ಮ ತಲೆವಸ್ತ್ರದ ಅಂಚು ಹರಿದು ಗುರುತು ಕಟ್ಟಿದರು. ಹದಿನೈದು ದಿನ ಬಿಟ್ಟು ಮತ್ತೆ ನೋಡೋಣ ಎಂದರು. ಮೇಲೆ ಬಂದು ಪಿಕಪ್ಪಿನ ಹಿಂದೆ ಬ್ಲೀಚಿಂಗ್ ಪುಡಿಯ ನೀರಿನ ಬೋಗುಣಿ ಇಳಿಸಿದೆವು. ನಾನು ಬೂಟು ಉಜ್ಜಿದೆ, ಚಾಕು ಅದ್ದಿ ಒರೆಸಿದೆ. ಅವರು ಚಪ್ಪಲಿ ಕಳಚಿ, ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ನಿಂತು, ಅಡಿಯ ಗೆರೆಗೆರೆಗಳಲ್ಲಿ ಸಿಕ್ಕಿದ ಮಣ್ಣನ್ನು ಒಂದು ಕಡ್ಡಿಯಿಂದ ಕೆದಕಿ ಕೆದಕಿ ತೆಗೆಯುತ್ತಿದ್ದರು.